ನಾಸಿಕ್ ಶೆಡ್ಡಿನಲ್ಲಿ ಒಂದು ಸ್ಟರ್ನ್‌ಡ್ರೈವ್

ಕಡಲ ಗಾಳಿಯೂ ತಾಗದ ನಾಸಿಕ್‌ನಲ್ಲಿ ಕೂತು ದೋಣಿಯ ಎಂಜಿನ್ ಬಗ್ಗೆ ಬರೆಯುತ್ತೇನೆ ಅಂದರೆ ನಗಬೇಡಿ. ನಾನು ಗಂಗೊಳ್ಳಿಯವನು. ಇಲ್ಲಿಗೆ ಬಂದದ್ದು 1989ರಲ್ಲಿ. ಸಾತಪುರದಲ್ಲಿ ಲೇತ್ ತಿರುಗಿಸುತ್ತಾ ಊರಿನ ಅಳಿವೆ, ದೋಣಿ ಎಲ್ಲ ಮರೆತೇ ಹೋಗಿತ್ತು.

ಕಳೆದ ಮಳೆಗಾಲದ ಕೊನೆಗೆ ವಾಳೂಜ್‌ನಲ್ಲಿರುವ ಗೆಳೆಯನೊಬ್ಬ ಫೋನ್ ಮಾಡಿದ. ಜಲಾಶಯಗಳ ಆಳ ಅಳೆಯುವ ಗುತ್ತಿಗೆ ಅವನದು. ಮುಂಬೈಯಿಂದ ಹಳೆಯ ಬೋಟೊಂದನ್ನು ತಂದಿದ್ದ. ಪೈಠಣದ ನಾಥಸಾಗರದ ನಡುವೆ, ಮೂವರು ಕೂತಿದ್ದಾಗ, ತಳದಲ್ಲಿ ನೀರು ತುಂಬತೊಡಗಿತಂತೆ. ಬಕೆಟ್‌ನಿಂದ ಎತ್ತಿ ಹಾಕುತ್ತಾ ಹೇಗೋ ದಡ ಸೇರಿದರು. ಒಬ್ಬನಿಗೂ ಈಜು ಬರುತ್ತಿರಲಿಲ್ಲ. ರಿಪೇರಿಯವರೊಬ್ಬರು ನೋಡಿ "ಪೂರ್ತಿ ಡ್ರೈವ್ ಬದಲಿಸಿ" ಅಂದುಬಿಟ್ಟರು. "ನೀನೊಮ್ಮೆ ನೋಡು ಮಾರಾಯ" ಅಂದ. ಟ್ರೇಲರ್ ಮೇಲೆ ಬೋಟು ಛತ್ರಪತಿ ಸಂಭಾಜಿನಗರದಿಂದ ನಮ್ಮ ಶೆಡ್ಡಿಗೆ ಬಂತು.

ಸ್ಟರ್ನ್‌ಡ್ರೈವ್ ಅಂದರೆ ಏನು? ಮೊದಲು ಅದರ ಕಥೆ ಹೇಳಿಬಿಡುತ್ತೇನೆ. ದೋಣಿಗೆ ಎಂಜಿನ್ ಇಡಲು ಮೊದಲಿಂದಲೂ ಎರಡು ದಾರಿ. ಒಂದು, ಎಂಜಿನ್ ಒಳಗಿಟ್ಟು, ತಳದಲ್ಲಿ ತೂತು ಮಾಡಿ ಶಾಫ್ಟ್ ಹೊರಬಿಡುವುದು. ಇದಕ್ಕೆ ಬಲ ಜಾಸ್ತಿ, ಆದರೆ ಆಳವಿಲ್ಲದಲ್ಲಿ ಪ್ರೊಪೆಲರ್ ಎತ್ತುವಂತಿಲ್ಲ. ಇನ್ನೊಂದು, ಇಡೀ ಎಂಜಿನನ್ನೇ ಹಿಂದೆ ನೇತುಹಾಕುವುದು. ಅದೇ ಔಟ್‌ಬೋರ್ಡ್. ಅಮೆರಿಕದ ಓಲೆ ಎವಿನ್‌ರೂಡ್ 1909ರಲ್ಲಿ ಇದನ್ನು ಮಾರತೊಡಗಿದ. ನಮ್ಮ ಕರಾವಳಿಯ ನಾಡದೋಣಿಗಳ ಹಿಂದೆ ಕಾಣುವುದು ಇದರ ವಂಶದ್ದೇ.

ಈ ಎರಡನ್ನೂ ಸೇರಿಸಿದವರಲ್ಲಿ ಮುಖ್ಯನಾದವನು ಜಿಮ್ ವಿನ್. ಮರ್ಕ್ಯುರಿ ಎಂಜಿನ್ ಕಂಪನಿಯಲ್ಲಿದ್ದವನು. 1958ರಲ್ಲಿ ಪುಟ್ಟ ಔಟ್‌ಬೋರ್ಡ್ ದೋಣಿಯಲ್ಲಿ ಅಟ್ಲಾಂಟಿಕ್ ಸಾಗರ ದಾಟಿದ ಗಟ್ಟಿಗ! ಅದೇ ವರ್ಷ ಮಯಾಮಿಯ ಗ್ಯಾರೇಜೊಂದರಲ್ಲಿ ತನ್ನ ಯೋಚನೆಗೆ ರೂಪ ಕೊಟ್ಟ. ಎಂಜಿನ್ ಒಳಗೆ, ಪ್ರೊಪೆಲರಿನ ಕಾಲು ಹೊರಗೆ. ಸ್ವೀಡನ್ನಿನ ವೋಲ್ವೋ ಪೆಂಟಾ ಅದನ್ನು ಒಪ್ಪಿಕೊಂಡಿತು. 1959ರ ಜನವರಿಯಲ್ಲಿ ನ್ಯೂಯಾರ್ಕಿನ ಬೋಟ್ ಪ್ರದರ್ಶನದಲ್ಲಿ 'ಅಕ್ವಾಮ್ಯಾಟಿಕ್' ಎಂಬ ಹೆಸರಲ್ಲಿ ಬಂತು. 1961ರಲ್ಲಿ ಮರ್ಕ್ಯುರಿಯವರೂ 'ಮರ್‌ಕ್ರೂಸರ್' ತಂದರು. ಅಂದರೆ ಈ ಯಂತ್ರ ಹುಟ್ಟಿದ್ದೇ ಗ್ಯಾರೇಜಿನಲ್ಲಿ. ಹಾಗಿದ್ದ ಮೇಲೆ ನಮ್ಮ ಶೆಡ್ಡೇನು ಕಡಿಮೆ!

ಒಳಗಿನ ಶಾಫ್ಟ್ ಹಿಂದಕ್ಕೆ ಬಂದು, ಗಿಯರಿನಲ್ಲಿ ಕೆಳಕ್ಕೆ ತಿರುಗಿ, ಮತ್ತೊಂದು ಗಿಯರಿನಲ್ಲಿ ಪ್ರೊಪೆಲರಿಗೆ ಹೊರಳುತ್ತದೆ. ಕಾಲು ಎಡಬಲಕ್ಕೆ ತಿರುಗಬೇಕು, ಮೇಲಕ್ಕೂ ಏಳಬೇಕು. ಅದಕ್ಕಾಗಿ ನಡುವೆ ಯೂನಿವರ್ಸಲ್ ಜಾಯಿಂಟ್. ಅದರ ಸುತ್ತ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರ್ ಕವಚ. ಇದೇ ಬೆಲ್ಲೋಸ್. ದೋಣಿಯ ಆ ತೂತಿಗೂ ನೀರಿಗೂ ನಡುವೆ ಇರುವುದು ಇಷ್ಟೇ. ಗೆಳೆಯನ ಬೋಟಿನಲ್ಲಿ ಹರಿದದ್ದೂ ಇದೇ.

ಜೊತೆಗೆ ಬಂದವರು ಓಝರ್‌ನ ಹಿರಿಯ ಮಿತ್ರರು. 1964ರಲ್ಲಿ ಅಲ್ಲಿ ಎಚ್‌ಎಎಲ್ ಮಿಗ್ ವಿಮಾನದ ಘಟಕ ಶುರು ಮಾಡಿತು. ಅದರಿಂದಾಗಿ ಬೆಂಗಳೂರು ಕಡೆಯ ಎಷ್ಟೋ ಕನ್ನಡದ ಮನೆಗಳು ಇಲ್ಲಿ ಬೇರೂರಿದವು. ಇವರೂ ಅಲ್ಲೇ ರಿಟೈರ್ ಆದವರು. ಬಂದವರೇ, "ಮೊದಲು ಒಂದು ನೋಟ್‌ಬುಕ್ ಕೊಡಿ ಸ್ವಾಮಿ, ಬಿಚ್ಚಿದ್ದನ್ನೆಲ್ಲ ಬರೀಬೇಕು" ಅಂದರು.

ಮೊದಲು ಗಿಯರ್ ಆಯಿಲ್. ಕೆಳಗಿನ ಪ್ಲಗ್, ಮೇಲಿನ ಪ್ಲಗ್ ಎರಡೂ ಬಿಚ್ಚಿ ಇಳಿಸಿದೆವು. ಹಾಲು ಬೆರೆಸಿದ ಚಹಾದಂತೆ ಬಂತು. ಹಾಗೆ ಬಂದರೆ ಒಳಗೆ ನೀರು ನುಗ್ಗಿದೆ ಅಂತಲೇ ಅರ್ಥ, ಸೀಲುಗಳನ್ನೂ ಬದಲಿಸಬೇಕು. ಹೊಸ ಆಯಿಲನ್ನು ಕೆಳಗಿನಿಂದಲೇ ಪಂಪ್ ಮಾಡಬೇಕು. ಆಗ ಗಾಳಿ ಮೇಲಿನ ತೂತಿನಿಂದ ಹೊರಹೋಗುತ್ತದೆ, ಒಳಗೆ ಸಿಕ್ಕಿಕೊಳ್ಳುವುದಿಲ್ಲ.

ಆಮೇಲೆ ಆರು ನಟ್ ಬಿಚ್ಚಿ, ಚೈನ್‌ಪುಲ್ಲಿ ಹಾಕಿ ಕಾಲನ್ನು ಎಳೆದೆವು. ಒಳಗಿನ ಬೇರಿಂಗ್ ತುಕ್ಕು ಹಿಡಿದು ಗರಗರ ಎನ್ನುತ್ತಿತ್ತು. ಬೆಲ್ಲೋಸ್, ಬೇರಿಂಗ್, ನೀರಿನ ಪಂಪಿನ ರಬ್ಬರ್ ಚಕ್ರ ಮೂರೂ ಹೊಸದು. ಎಂಜಿನ್ ನೇರವಾಗಿದೆಯೇ ನೋಡಲು ಉದ್ದನೆಯ ಒಂದು ಸರಳು ಬೇಕು. ಅದನ್ನು ನನ್ನ ಲೇತಿನಲ್ಲೇ ತಿರುಗಿಸಿಕೊಂಡೆವು. ಎರಡು ಬೆರಳಲ್ಲಿ ತಳ್ಳಿದರೆ ಸಲೀಸಾಗಿ ಒಳಹೋಗಬೇಕು. ನಾಲ್ಕನೆಯ ಸಲಕ್ಕೆ ಹೋಯಿತು!

ಬೋಟು ನಿಲ್ಲಿಸಿಡುವಾಗ ಕಾಲನ್ನು ಎತ್ತಿಡಬಾರದು, ಇಳಿಸಿಯೇ ಇಡಬೇಕು. ಎತ್ತಿಟ್ಟರೆ ಬೆಲ್ಲೋಸ್ ಒಂದೇ ಕಡೆ ಎಳೆದುಕೊಂಡು ಬೇಗ ಬಿರುಕು ಬಿಡುತ್ತದೆ. ಗೆಳೆಯ ತಿಂಗಳುಗಟ್ಟಲೆ ಎತ್ತಿಯೇ ಇಟ್ಟಿದ್ದನಂತೆ.

ಕೊನೆಗೆ ಸಿಕ್ಕಿದ್ದು ಸತುವಿನ ತುಂಡು. ಇದಕ್ಕೂ ಇತಿಹಾಸವಿದೆ. 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ಹಡಗುಗಳ ತಾಮ್ರದ ಹೊದಿಕೆ ಉಳಿಸಲು ಅದಕ್ಕೆ ಸತು, ಕಬ್ಬಿಣದ ತುಂಡು ಜೋಡಿಸಿ ನೋಡಿದ. ಆ ತುಂಡು ತಾನು ಸವೆದು ತಾಮ್ರವನ್ನು ಕಾಯುತ್ತಿತ್ತು. ತಮಾಷೆಯೆಂದರೆ, ತಾಮ್ರ ಕರಗದೇ ಹೋದದ್ದರಿಂದ ಚಿಪ್ಪಿನ ಜೀವಿಗಳು ಧಾರಾಳವಾಗಿ ಅಂಟಿಕೊಂಡು ಹಡಗು ನಿಧಾನವಾಯಿತು! ಆದರೂ ಉಪಾಯ ಉಳಿಯಿತು. ಈ ಬೋಟು ಮುಂಬೈಯದಲ್ಲವೇ, ಉಪ್ಪುನೀರಿನ ಸತುವೇ ಇತ್ತು. ಗೋದಾವರಿಯ ಸಿಹಿನೀರಿನಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಅದು ಸುಮ್ಮನಾಗುತ್ತದೆ. ತಿನ್ನಿಸಿಕೊಳ್ಳುವುದು ಪಕ್ಕದ ಅಲ್ಯೂಮಿನಿಯಂ. ಇಲ್ಲಿ ಮೆಗ್ನೀಸಿಯಂ ಬೇಕು. ಊರು ಬಿಟ್ಟು ಬಂದ ನಮಗೂ ಹೀಗೇ ಅಲ್ಲವೇ ಅನ್ನಿಸಿ ಒಬ್ಬನೇ ನಕ್ಕೆ.

ಹೋಸ್‌ಪೈಪ್ ಜೋಡಿಸಿ ಎಂಜಿನ್ ಓಡಿಸಿದೆವು. ನೀರಿಲ್ಲದೆ ಓಡಿಸಿದರೆ ರಬ್ಬರ್ ಚಕ್ರ ಸುಟ್ಟೇ ಹೋಗುತ್ತದೆ. ಆ ಸದ್ದಿಗೆ ಸೋದರಮಾವನ ನೆನಪಾಯಿತು. ಕಡಲಿಂದ ಬಂದ ಕೂಡಲೇ ಔಟ್‌ಬೋರ್ಡನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಓಡಿಸುತ್ತಿದ್ದ. ಆಮೇಲೆಯೇ ಅವನ ಊಟ. "ಉಪ್ಪುನೀರ್ ಹೊಟ್ಟೇಲಿಟ್ಕಂಡ್ ಮನಿಕಂಡ್ರೆ ಇದ್ ಏಳುದಿಲ್ಲೆ ಮಗಾ" ಅನ್ನುತ್ತಿದ್ದ. ಒಂದು ವರ್ಷ ಅವನು ಜ್ವರದಲ್ಲಿ ಮಲಗಿದ್ದಾಗ ಆ ಕೆಲಸ ನನ್ನ ಪಾಲಿಗೆ ಬಂತು. ಎರಡು ದಿನ ಸೋಮಾರಿತನದಿಂದ ಬಿಟ್ಟೆ. ಮೂರನೆಯ ದಿನ ಅಳಿವೆ ಬಾಯಲ್ಲಿ ಎಂಜಿನ್ ನಿಂತು, ದೋಣಿ ತೆರೆಗೆ ಅಡ್ಡವಾಯಿತು. ಹಿಂದಿನ ದೋಣಿಯವರು ಹಗ್ಗ ಎಸೆಯದಿದ್ದರೆ ನಾಲ್ಕು ಮನೆಯವರು ಅಳುತ್ತಿದ್ದರು. ಮಾವ ಬೈಯಲಿಲ್ಲ. ಮರುದಿನ ಜ್ವರದಲ್ಲೇ ಎದ್ದು ಡ್ರಮ್ಮಿಗೆ ನೀರು ತುಂಬಿದ.

ಬೋಟು ತಲುಪಿಸಲು ಹೋದಾಗ ಗೆಳೆಯ ಪನ್‌ಚಕ್ಕಿಗೆ ಕರೆದೊಯ್ದ. ಬೆಟ್ಟದ ನೀರನ್ನು ಮಣ್ಣಿನ ಕೊಳವೆಗಳಲ್ಲಿ ತಂದು ಹಿಟ್ಟಿನ ಗಿರಣಿ ತಿರುಗಿಸಿದ ಹಳೆಯ ಏರ್ಪಾಡು. ಅಲ್ಲಿ ನೀರು ಚಕ್ರ ತಿರುಗಿಸುತ್ತದೆ, ನಮ್ಮದರಲ್ಲಿ ಚಕ್ರ ನೀರನ್ನು ತಳ್ಳುತ್ತದೆ. ಎರಡಕ್ಕೂ ದಿನಾ ನೋಡುವ ಒಬ್ಬ ಮನುಷ್ಯ ಬೇಕು, ಅಷ್ಟೇ.

ನಿಮ್ಮಲ್ಲಿ ಯಾರಾದರೂ ಹಳೆಯ ಬೋಟು ಕೊಂಡರೆ ಪೇಂಟ್ ನೋಡಬೇಡಿ, ಬಗ್ಗಿ ಆ ರಬ್ಬರ್ ಮಡಿಕೆಗಳನ್ನು ಬೆರಳಿಂದ ಬಿಡಿಸಿ ನೋಡಿ. ನೋಟ್‌ಬುಕ್ ಈಗ ಗೆಳೆಯನ ಹತ್ತಿರ ಇದೆ. ಮೊನ್ನೆ ಭಾನುವಾರ ಫೋನ್ ಮಾಡಿ, "ತಳ ಒಣಗಿದೆ ಮಾರಾಯ, ಬರೆದಿಟ್ಟೆ" ಅಂದ.