ದುಬಾರಿ ಫೋನ್ ಇದ್ದರಷ್ಟೇ ಫೋಟೋ ಚೆನ್ನಾಗಿ ಬರುತ್ತದೆಯೇ?

ಮೆಗಾಪಿಕ್ಸೆಲ್ ಹೆಚ್ಚಿದ್ದಷ್ಟೂ ಫೋಟೋ ಚೆಂದ ಎಂಬ ನಂಬಿಕೆ ಹಲವರಲ್ಲಿದೆ. ಇದು ಪೂರ್ತಿ ನಿಜವಲ್ಲ. ಮೆಗಾಪಿಕ್ಸೆಲ್ ಹೆಚ್ಚಿದ್ದರೆ ಚಿತ್ರವನ್ನು ದೊಡ್ಡದು ಮಾಡಿ ನೋಡಬಹುದು, ಅಷ್ಟೇ. ಚೌಕಟ್ಟಿನಲ್ಲಿ ಏನಿರಬೇಕು, ಎಲ್ಲಿರಬೇಕು, ಏನು ಬೇಡ ಎಂಬುದನ್ನು ನೀವೇ ನಿರ್ಧರಿಸಬೇಕು. ಇದನ್ನೇ ಸಂಯೋಜನೆ ಎನ್ನುತ್ತಾರೆ.

ಮೂರು ಭಾಗದ ಸೂತ್ರ

ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ 'ಗ್ರಿಡ್' ಆನ್ ಮಾಡಿ. ಪರದೆ ಅಡ್ಡಕ್ಕೂ ಉದ್ದಕ್ಕೂ ಮೂರು ಭಾಗವಾಗುತ್ತದೆ. ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ತಿಕೋಟಾ ಸುತ್ತ ದ್ರಾಕ್ಷಿ ತೋಟಗಳು ಸಿಗುತ್ತವೆ. ಅಲ್ಲಿ ಮೋಡ ಮುಖ್ಯ ಎನಿಸಿದರೆ ದಿಗಂತವನ್ನು ಕೆಳಗಿನ ಗೆರೆಗೆ ತನ್ನಿ. ಬಳ್ಳಿಯ ಸಾಲು ಮುಖ್ಯವಾದರೆ ಮೇಲಿನ ಗೆರೆಗೆ.

ಇದು ಕಡ್ಡಾಯವೇ?

ಅಲ್ಲ. ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ 1797ರಲ್ಲಿ ನಿಸರ್ಗ ಚಿತ್ರಗಳ ಬಗ್ಗೆ ಬರೆಯುತ್ತ ಈ ಸೂತ್ರಕ್ಕೆ ಹೆಸರು ಕೊಟ್ಟ. ಅದು ಸಲಹೆಯೇ ಹೊರತು ಕಾನೂನಲ್ಲ. ಇಬ್ರಾಹಿಂ ರೋಜಾದಲ್ಲಿ ಸಮಾಧಿ ಮತ್ತು ಮಸೀದಿ ಒಂದೇ ಕಟ್ಟೆಯ ಮೇಲೆ ಎದುರುಬದುರಾಗಿವೆ. ಅಲ್ಲಿ ಸರಿಯಾಗಿ ನಡುವೆ ನಿಂತು ತೆಗೆದ ಚಿತ್ರವೇ ಚೆಂದ.

1656ರ ಗೋಳಗುಮ್ಮಟದ ಹತ್ತಿರ ನಿಂತು ಫೋನನ್ನು ಮೇಲಕ್ಕೆ ಓರೆ ಮಾಡಿದರೆ ಗೋಡೆಗಳು ಒಳಕ್ಕೆ ವಾಲಿದಂತೆ ಕಾಣುತ್ತವೆ. ಹಿಂದೆ ಸರಿದು ಫೋನನ್ನು ನೆಟ್ಟಗೆ ಹಿಡಿಯಿರಿ. ಗಾತ್ರ ತಿಳಿಯಬೇಕಾದರೆ ಗೋಡೆಯ ಪಕ್ಕ ಒಬ್ಬರನ್ನು ನಿಲ್ಲಿಸಿ; ಅವರು ಕ್ಯಾಮೆರಾದ ಹತ್ತಿರ ನಿಂತರೆ ಕಟ್ಟಡವೇ ಚಿಕ್ಕದೆನಿಸುತ್ತದೆ.

ಬೆಳೆಹಾನಿಯ ಫೋಟೋ

ಆಲಿಕಲ್ಲು ಬಿದ್ದಾಗ ಒಡೆದ ಒಂದು ಗೊಂಚಲಿನ ಚಿತ್ರ ಮಾತ್ರ ಇದ್ದರೆ ಹಾನಿ ಎಷ್ಟೆಂದು ನೋಡುವವರಿಗೆ ತಿಳಿಯುವುದಿಲ್ಲ. ಮೂರು ಚಿತ್ರ ತೆಗೆಯಿರಿ: ಗುರುತು ಹಿಡಿಯಬಹುದಾದ ಬಾವಿಯೋ ಶೆಡ್ಡೋ ಸೇರಿದಂತೆ ಇಡೀ ತೋಟ, ನಂತರ ಒಂದು ಸಾಲು, ಕೊನೆಗೆ ಪಕ್ಕದಲ್ಲಿ ನಾಣ್ಯ ಹಿಡಿದು ಒಂದು ಗೊಂಚಲು.

ಫಾರ್ವರ್ಡ್ ಮಾಡುವ ಮುನ್ನ

ಇದೇ ತಂತ್ರದಿಂದ ದಾರಿ ತಪ್ಪಿಸಲೂ ಬಹುದು. ನಾಲ್ಕು ಕೊಳೆತ ಗೊಂಚಲು ಚೌಕಟ್ಟು ತುಂಬಿದರೆ ತೋಟವೇ ಹಾಳಾದಂತೆ ಕಾಣುತ್ತದೆ. ದೂರದಿಂದ ಜೂಮ್ ಮಾಡಿದರೆ ಚದುರಿ ನಿಂತ ಜನರೂ ಕಿಕ್ಕಿರಿದಂತೆ ತೋರುತ್ತಾರೆ. ಫೋಟೋ ತಿದ್ದಿರುವುದಿಲ್ಲ, ಆದರೂ ಅದು ಹೇಳುವುದು ಅರ್ಧ ಸತ್ಯ. ಹಾಗಾಗಿ ಹಂಚುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಚೌಕಟ್ಟಿನ ಹೊರಗೆ ಏನಿತ್ತು?

ಸತ್ಯಾಂಶ: ಫೋಟೋ ಚೆನ್ನಾಗಿ ಬರಲು ಹೊಸ ಫೋನಿಗಿಂತ ಮೊದಲು ಬೇಕಾದದ್ದು ಎರಡು ಹೆಜ್ಜೆ ಆಚೀಚೆ ಸರಿದು ನೋಡುವ ತಾಳ್ಮೆ.