ಅಸ್ಥಿಮಜ್ಜೆ ಕಾಂಡಕೋಶ ದಾನಿಗಳ ನೋಂದಣಿ: ವಿದ್ಯಾರ್ಥಿಗಳ ಗಮನಕ್ಕೆ

ರಕ್ತದ ಕ್ಯಾನ್ಸರ್, ಥಲಸೇಮಿಯಾ ಮುಂತಾದ ಕಾಯಿಲೆಗಳಿಂದ ಬಳಲುವ ಅನೇಕರಿಗೆ ಆರೋಗ್ಯವಂತ ವ್ಯಕ್ತಿಯ ಕಾಂಡಕೋಶಗಳ ಕಸಿಯೇ ಗುಣಮುಖರಾಗುವ ಮಾರ್ಗವಾಗಿರುತ್ತದೆ. ಭಾರತದಲ್ಲಿ ಈ ಕಸಿಯು 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆರಂಭವಾಯಿತು. ಇದಕ್ಕೆ ರಕ್ತದ ಗುಂಪು ಒಂದೇ ಆಗಿರಬೇಕಾಗಿಲ್ಲ. ಎಚ್‌ಎಲ್‌ಎ ಎಂಬ ಅಂಗಾಂಶ ಗುರುತು ಹೊಂದಿಕೆಯಾಗಬೇಕು. ಒಡಹುಟ್ಟಿದ ಒಬ್ಬರಲ್ಲಿ ಅದು ಪೂರ್ಣವಾಗಿ ಹೊಂದುವ ಸಾಧ್ಯತೆ ಶೇ. 25 ಮಾತ್ರ. ಈ ಗುರುತು ವಂಶಪಾರಂಪರ್ಯವಾಗಿ ಬರುವುದರಿಂದ ಕುಟುಂಬದ ಹೊರಗಿನ ದಾನಿಯು ಒಂದೇ ಮೂಲದ ಜನರಲ್ಲಿ ದೊರೆಯುವ ಸಂಭವ ಹೆಚ್ಚು. ವಿಶ್ವದಲ್ಲಿ ನೋಂದಾಯಿತ ದಾನಿಗಳು 4 ಕೋಟಿಗೂ ಅಧಿಕವಿದ್ದು, ಅವರಲ್ಲಿ ಭಾರತೀಯರು ಅತ್ಯಲ್ಪ. ಗುಬ್ಬಿ ಅಥವಾ ಕುಣಿಗಲ್ಲಿನ ರೋಗಿಗೆ ವಿದೇಶದ ಸಾವಿರಾರು ಹೆಸರುಗಳಿಗಿಂತ ನಿಟ್ಟೂರಿನ ಒಬ್ಬ ವಿದ್ಯಾರ್ಥಿಯ ಹೆಸರು ಉಪಯುಕ್ತವಾಗಬಹುದು.

ನೋಂದಣಿ ವಿಧಾನ

18 ವರ್ಷ ಪೂರೈಸಿದ ಆರೋಗ್ಯವಂತರು ನೋಂದಾಯಿಸಬಹುದು. ಪದವಿಪೂರ್ವ ತರಗತಿಗಳ ಬಹುತೇಕ ವಿದ್ಯಾರ್ಥಿಗಳು ಈ ಕಾರಣದಿಂದಲೇ ಅರ್ಹರಾಗುವುದಿಲ್ಲ. ಬೆಂಗಳೂರಿನ ಡಿಕೆಎಂಎಸ್ ಹಾಗೂ ಚೆನ್ನೈನ ದಾತ್ರಿ ಸಂಸ್ಥೆಗಳು ದಾನಿಗಳ ಪಟ್ಟಿಯನ್ನು ನಿರ್ವಹಿಸುತ್ತವೆ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ಮಾದರಿ ನೀಡಿದರೆ ಸಾಕು. ಡಿಕೆಎಂಎಸ್ ಈ ಕಿಟ್ ಅನ್ನು ಮನೆಯ ವಿಳಾಸಕ್ಕೇ ಕಳುಹಿಸುವುದರಿಂದ ಬೆಂಗಳೂರಿಗೆ ಹೋಗುವ ಅಗತ್ಯವಿರುವುದಿಲ್ಲ.

ದಾನದ ವಿಧಾನ

ಬೆನ್ನುಹುರಿಗೆ ಸೂಜಿ ಹಾಕುತ್ತಾರೆಂಬುದು ತಪ್ಪು ತಿಳಿವಳಿಕೆ. ಬಹುತೇಕ ದಾನಗಳಲ್ಲಿ ನಾಲ್ಕೈದು ದಿನ ಚುಚ್ಚುಮದ್ದು ನೀಡಿ, ಬಳಿಕ ತೋಳಿನ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಕಾಂಡಕೋಶಗಳನ್ನು ಬೇರ್ಪಡಿಸಲಾಗುತ್ತದೆ. ಇದಕ್ಕೆ 4ರಿಂದ 6 ಗಂಟೆ ಹಿಡಿಯುತ್ತದೆ. ಮೈಕೈ ನೋವು, ತಲೆನೋವು ಬರುವುದುಂಟು. ಕೆಲವು ದಿನಗಳಲ್ಲಿ ಶಮನವಾಗುತ್ತದೆ. ಅಪರೂಪಕ್ಕೆ ಸೊಂಟದ ಮೂಳೆಯಿಂದ ಅರಿವಳಿಕೆ ನೀಡಿ ಮಜ್ಜೆಯನ್ನು ತೆಗೆಯಲಾಗುತ್ತದೆ.

ಒಪ್ಪಿಗೆ ನೀಡುವ ಮುನ್ನ

ಕಾಲೇಜಿನ ಶಿಬಿರದಲ್ಲಿ ಸ್ನೇಹಿತರೊಡನೆ ಸಾಲಿನಲ್ಲಿ ನಿಂತು ಹೆಸರು ಬರೆಸುವುದು ಸುಲಭ. ಕರೆ ಬರುವುದು ವರ್ಷಗಳ ನಂತರವಾಗಿರಬಹುದು, ಬಾರದೆಯೂ ಇರಬಹುದು. ದಾನವು ಸ್ವಇಚ್ಛೆಯದಾಗಿದ್ದು, ಹಿಂದೆ ಸರಿಯುವ ಹಕ್ಕು ದಾನಿಗೆ ಸದಾ ಇರುತ್ತದೆ. ಆದರೆ ಕಸಿಗೆ ಮುನ್ನ ರೋಗಿಯ ಸ್ವಂತ ಮಜ್ಜೆಯನ್ನು ತೀವ್ರ ಔಷಧಿಗಳಿಂದ ನಾಶಪಡಿಸಲಾಗುತ್ತದೆ. ಆ ಹಂತದಲ್ಲಿ ದಾನಿ ನಿರಾಕರಿಸಿದಲ್ಲಿ ರೋಗಿಯ ಪ್ರಾಣಕ್ಕೇ ಅಪಾಯ. ಮನೆಯವರ ಆತಂಕದಿಂದ ಕೊನೆಯಲ್ಲಿ ಹಿಂಜರಿಯುವವರೂ ಉಂಟು. ಆದುದರಿಂದ ತಂದೆ ತಾಯಿಯವರೊಡನೆ ಮೊದಲೇ ಚರ್ಚಿಸತಕ್ಕದ್ದು. ಮನಸ್ಸು ಒಪ್ಪದವರು ನೋಂದಾಯಿಸದಿರುವುದೇ ಸೂಕ್ತ.

ವ್ಯಾಸಂಗ ಅಥವಾ ಉದ್ಯೋಗದ ನಿಮಿತ್ತ ಊರು ಬಿಟ್ಟಾಗ, ಮೊಬೈಲ್ ಸಂಖ್ಯೆ ಬದಲಾದಾಗ ಸಂಸ್ಥೆಗೆ ಕೂಡಲೇ ತಿಳಿಸತಕ್ಕದ್ದು.