ಆಂಬ್ಯುಲೆನ್ಸ್ ಇತ್ತು, ಡ್ರೈವರ್ ಇರಲಿಲ್ಲ

ದೆಹಲಿಯಲ್ಲಿರುವವರು ಸಫ್ದರ್‌ಜಂಗ್ ರಸ್ತೆಯ ಇಂದಿರಾ ಗಾಂಧಿ ಸ್ಮಾರಕ ನೋಡಿರ್ತೀರಿ. ಅವರು ಕೊನೆಯದಾಗಿ ನಡೆದ ದಾರಿಗೆ ಗಾಜು ಹೊದಿಸಿದ್ದಾರೆ. ಅಲ್ಲಿ ನಿಂತವರೆಲ್ಲ ಗುಂಡಿನ ಬಗ್ಗೆ ಮಾತಾಡ್ತಾರೆ. ನನ್ನನ್ನು ಕಾಡೋದು ಅದರ ನಂತರದ ಕೆಲವು ನಿಮಿಷಗಳು.

1984ರ ಅಕ್ಟೋಬರ್ 31, ಬೆಳಿಗ್ಗೆ ಒಂಬತ್ತು ದಾಟಿತ್ತು. ಪೀಟರ್ ಉಸ್ತಿನೋವ್‌ಗೆ ಸಂದರ್ಶನ ಕೊಡಲು ಇಂದಿರಾ ಪಕ್ಕದ ಅಕ್ಬರ್ ರಸ್ತೆಯ ಕಚೇರಿಗೆ ಹೊರಟಿದ್ದರು. ಕಾವಲಿಗಿದ್ದ ಇಬ್ಬರೇ ಗುಂಡು ಹಾರಿಸಿದರು. ಮನೆಯಲ್ಲಿ ಆಂಬ್ಯುಲೆನ್ಸ್ ಇತ್ತು. ಡ್ರೈವರ್ ಚಹಾ ಕುಡಿಯಲು ಹೋಗಿದ್ದನಂತೆ! ಕೊನೆಗೆ ಬಿಳಿ ಅಂಬಾಸಡರ್ ಕಾರಿನ ಹಿಂದಿನ ಸೀಟಿನಲ್ಲಿ, ಸೊಸೆ ಸೋನಿಯಾ ಮಡಿಲಲ್ಲಿ ತಲೆಯಿಟ್ಟು, ಏಮ್ಸ್‌ಗೆ ಒಯ್ದರು. ಅಲ್ಲಿಗೆ ಮುಂಚಿತವಾಗಿ ಯಾರೂ ಫೋನ್ ಮಾಡಿರಲಿಲ್ಲ. ಬರ್ತಿರೋದು ಪ್ರಧಾನಿ ಅಂತ ಎಮರ್ಜೆನ್ಸಿ ವಾರ್ಡಿನವರಿಗೆ ಗೊತ್ತಾಗಿದ್ದೇ ಕಾರು ಬಂದ ಮೇಲೆ. ಅವರ ರಕ್ತವೋ, ಸುಲಭಕ್ಕೆ ಸಿಗದ ಓ ನೆಗೆಟಿವ್.

ಎಲ್ಲ ಸರಿಯಿದ್ದರೂ ಅವರು ಬಹುಶಃ ಬದುಕುತ್ತಿರಲಿಲ್ಲ, ಅಷ್ಟು ಗುಂಡು ಬಿದ್ದಿತ್ತು. ಆದರೆ ಆ ಡ್ರೈವರನ ಮೇಲೆ ತಪ್ಪು ಹೊರಿಸೋದು ನನಗೆ ಒಪ್ಪಿಗೆಯಿಲ್ಲ. ಅವನ ಬದಲಿಗೆ ಯಾರು ಅನ್ನೋದನ್ನ ಮೇಲಿನವರು ಬರೆದಿಡಬೇಕಿತ್ತು. ಆನ್‌ಕಾಲ್‌ನಲ್ಲಿ ರಾತ್ರಿ ಕಳೆದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಮೂರೂವರೆ ವರ್ಷ ಮುಂಚೆ, 1981ರ ಮಾರ್ಚ್ 30ರಂದು, ವಾಷಿಂಗ್ಟನ್ನಿನ ಹಿಲ್ಟನ್ ಹೋಟೆಲಿನ ಹೊರಗೆ ರೇಗನ್ ಮೇಲೆ ದಾಳಿಯಾಯ್ತು. ಎರಡು ಸೆಕೆಂಡಿನೊಳಗೆ ಆರು ಗುಂಡು. ಸೀಕ್ರೆಟ್ ಸರ್ವಿಸ್‌ನ ಜೆರ್ರಿ ಪಾರ್ ಅಧ್ಯಕ್ಷರನ್ನು ಕಾರಿಗೆ ತಳ್ಳಿ, ಮೈಯೆಲ್ಲ ತಡವಿ ನೋಡಿದ. ಗಾಯ ಸಿಗಲಿಲ್ಲ. ಕಾರು ಶ್ವೇತಭವನದ ಕಡೆ ಹೊರಟಿತು. ದಾರಿಯಲ್ಲಿ ರೇಗನ್ ಬಾಯಿಂದ ರಕ್ತ ಬಂತು, ಕಡುಗೆಂಪು ಅಲ್ಲ, ತಿಳಿಗೆಂಪು, ನೊರೆನೊರೆ. ಅದು ಶ್ವಾಸಕೋಶದ್ದು ಅಂತ ಪಾರ್‌ಗೆ ತರಬೇತಿಯಿಂದ ಗೊತ್ತಿತ್ತು. ತಕ್ಷಣ ಕಾರನ್ನು ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ತಿರುಗಿಸಿದ. ಶ್ವೇತಭವನದಲ್ಲಿ ಕಾವಲು ಹೆಚ್ಚು, ಆಪರೇಷನ್ ಥಿಯೇಟರ್ ಇಲ್ಲ.

ಅಲ್ಲೂ ಬಾಗಿಲಲ್ಲಿ ಸ್ಟ್ರೆಚರ್ ಇರಲಿಲ್ಲ ಅನ್ನೋದನ್ನ ಹೇಳಲೇಬೇಕು. 70 ವರ್ಷದ ರೇಗನ್ ನಡೆದೇ ಒಳಗೆ ಹೋಗಿ ಕುಸಿದರು. ಆದರೆ ಟ್ರಾಮಾ ತಂಡ ಒಳಗಿತ್ತು. ದೇಹದ ಅರ್ಧಕ್ಕೂ ಹೆಚ್ಚು ರಕ್ತ ಹೋಗಿತ್ತು, ಗುಂಡು ಹೃದಯದಿಂದ ಒಂದಿಂಚು ದೂರದಲ್ಲಿತ್ತು. ಏಪ್ರಿಲ್ 11ಕ್ಕೆ ಮನೆಗೆ ಹೋದರು.

ನಮ್ಮಲ್ಲಿ 1985ರಲ್ಲಿ ಎಸ್‌ಪಿಜಿ ಬಂತು. ಈಗ ಪ್ರಧಾನಿ ಎಲ್ಲಿ ಹೋದರೂ ಕಾನ್‌ವಾಯ್‌ನಲ್ಲಿ ಆಂಬ್ಯುಲೆನ್ಸ್ ಓಡುತ್ತೆ, ಸ್ಟಿಯರಿಂಗ್ ಹಿಂದೆ ಡ್ರೈವರ್ ಕೂತೇ ಇರ್ತಾನೆ.